ಆಂಜಿನಮ್ಮ ಅತ್ತರ್ ಉಜ್ಜಿ ತೆಗೆದ ದಿನ

ಆಂಜಿನಮ್ಮನಿಗೆ ಒಂದು ಚಾಳಿ. ಯಾರೇ ಹತ್ತಿರ ಬರಲಿ, ಮೊದಲು ಅವರ ಮುಖ ನೋಡುವುದಿಲ್ಲ, ಮೂಗು ನೋಡುತ್ತಾಳೆ. ಹೊಳ್ಳೆ ಒಂಚೂರು ಅರಳಿತೋ, ಕರ್ಚೀಫು ಮೇಲಕ್ಕೆ ಹೋಯಿತೋ, ಇವಳ ಎದೆ ಧಸಕ್ ಅನ್ನುತ್ತದೆ. ಎದುರಿಗಿದ್ದವರಿಗೆ ಬರೀ ನೆಗಡಿಯೇ ಆಗಿರಲಿ, ಇವಳ ಪಾಲಿಗೆ ಅದು ತನ್ನ ಮೈ ವಾಸನೆಯೇ. ನಲವತ್ತೇಳು ವರ್ಷ ಈ ಹೆಂಗಸು ಹೀಗೇ ಬದುಕಿದ್ದಾಳೆ ಅಂದರೆ ನಿಮಗೆ ನಗು ಬರಬಹುದು. ನಗಬೇಡಿ. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದಾಗ ಆಗುವ ಸಂಕಟ ಏನು ಅಂತ ಅನುಭವಿಸಿದವರಿಗೇ ಗೊತ್ತು.

ಸಿರಾ ತಾಲ್ಲೂಕಿನ ಹುಲಿಕುಂಟೆ ಹತ್ತಿರ ಇವಳ ಊರು. ಗಂಡ ಕೆಂಪಯ್ಯ. ಎರಡು ಎಕರೆ ಹೊಲ, ಅರವತ್ತು ಕುರಿ, ಮನೆ ಗೋಡೆಗೆ ಅಂಟಿಕೊಂಡೇ ಕುರಿ ರೊಪ್ಪ. ಕುರಿ ಸಾಕುವವರ ಮನೆ ವಾಸನೆ ಗೊತ್ತಿರಬೇಕಲ್ಲ ನಿಮಗೆ? ಉಣ್ಣೆ, ಹಿಕ್ಕೆ, ಹಾಲು, ಗಂಜಳ ಎಲ್ಲ ಸೇರಿದ್ದು. ಸ್ನಾನ ಮಾಡಿದರೆ ಹೋಗುವುದಲ್ಲ ಅದು. ಸೋಪು ಹಾಕಿ ಉಜ್ಜಿದರೆ ಸೋಪಿನ ಮೇಲೇ ಬಂದು ಕೂರುತ್ತದೆ. ಕೆಂಪಯ್ಯನಿಗೆ ಇದರ ಗೊಡವೆಯೇ ಇಲ್ಲ. ಕೇಳಿದರೆ, "ನಿಂದೂ ಅದೇ ವಾಸ್ನೆ, ನಂದೂ ಅದೇ ವಾಸ್ನೆ, ಯಾರಿಗೆ ಯಾರು ಹೆದರಬೇಕು ಬುಡು" ಅಂದು ಬೀಡಿ ಹಚ್ಚುತ್ತಿದ್ದ.

ಇವಳೂ ಹೇಗೋ ಸುಮ್ಮನಿದ್ದಳು, ಮಗಳು ಜ್ಯೋತಿಲಕ್ಷ್ಮಿ ಐದನೇ ಕ್ಲಾಸಿಗೆ ಬರುವ ತನಕ. ಒಂದು ದಿನ ಮಗಳು ಮರೆತುಹೋಗಿದ್ದ ಊಟದ ಡಬ್ಬಿ ತಗೊಂಡು ಸ್ಕೂಲಿಗೆ ಓಡಿದಳು. ಡಬ್ಬಿ ಕೊಟ್ಟು ಬಾಗಿಲ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಳಗಿಂದ ಯಾವುದೋ ಹುಡುಗಿ, "ಯಾರೇ ಅದು, ಥೂ ಕುರಿ ವಾಸ್ನೆ" ಅಂದಿತು. ಅದಕ್ಕೆ ಜ್ಯೋತಿ, "ನಮ್ಮನೆ ಕೆಲಸದವರು" ಅಂದಳು. ಹತ್ತು ವರ್ಷದ ಕೂಸು, ಅದಕ್ಕೇನು ಗೊತ್ತಾಗುತ್ತೆ? ಆದರೆ ಹೆತ್ತವಳ ಕಿವಿಗೆ ಅದು ಬಿತ್ತಲ್ಲ. ಆಂಜಿನಮ್ಮ ಆ ಮಾತನ್ನು ಗಂಡನಿಗೆ ಹೇಳಲಿಲ್ಲ, ಮಗಳಿಗಂತೂ ಇವತ್ತಿಗೂ ಹೇಳಿಲ್ಲ. ಆ ವಾರವೇ ಸಿರಾಕ್ಕೆ ಹೋಗಿ ಅತ್ತರ್ ಸಾಬರ ಅಂಗಡಿ ಹುಡುಕಿದಳು.

ಬಸ್‌ಸ್ಟ್ಯಾಂಡಿನಿಂದ ಒಳಗೆ ಹೋದರೆ ಒಂದು ಗಲ್ಲಿಯಲ್ಲಿ ಗೋಡೆಗೆ ಗೂಡು ಕೊರೆದಂಥ ಅಂಗಡಿ. ಒಳಗೆ ಬಿಳಿ ಗಡ್ಡದ ಸಾಬರು, ಅವರ ಸುತ್ತ ಗಾಜಿನ ಸಣ್ಣ ಸಣ್ಣ ಸೀಸೆ. ಆಂಜಿನಮ್ಮ ಮೂರು ಮಾರು ದೂರದಲ್ಲೇ ನಿಂತು, "ಮಲ್ಲಿಗೆದು ಕೊಡಿ, ಜೋರಾಗಿರೋದು" ಅಂದಳು. ಸಾಬರು ಕೊಟ್ಟರು. ಮಾರನೇ ದಿನ ಮದುವೆ ಮನೆಗೆ ಹೋಗುವಾಗ ಕುತ್ತಿಗೆ, ಕಂಕುಳು, ಸೆರಗು, ಎಲ್ಲಾ ಕಡೆ ಬಳಿದುಕೊಂಡು ಬಸ್ ಹತ್ತಿದಳು. ಅಯ್ಯೋ, ಏನು ಹೇಳಲಿ! ಬಿಸಿಲೇರುತ್ತಿದ್ದಂತೆ ಮಲ್ಲಿಗೆಯೂ ಉಣ್ಣೆಯೂ ಬೆವರೂ ಸೇರಿ, ರೊಪ್ಪದೊಳಗೆ ಹೆಣಕ್ಕೆ ಹಾಕಿದ ಹೂವು ಕೊಳೆತಂಗೆ ನಾರತೊಡಗಿತು. ಹಿಂದಿನ ಸೀಟಿನವನು ಕಿಟಕಿ ತೆಗೆದ. ಇವಳು ಮದುವೆ ಮನೆಯಲ್ಲಿ ಊಟಕ್ಕೂ ಕೂರದೆ ವಾಪಸ್ ಬಂದಳು.

ಸೀಸೆ ಹಿಂದಕ್ಕೆ ಕೊಡಲು ಹೋದಾಗ ಸಾಬರು ಬೈಯಲಿಲ್ಲ. "ಅರೆ ಅಮ್ಮ, ವಾಸ್ನೆ ಮುಚ್ಚೋಕೆ ಅಂತ ಅತ್ತರ್ ಹಾಕಿದ್ರೆ ಇಂಗೇ ಆಗೋದು. ನಿಮ್ಮ ಮೈಗೆ ಯಾವುದು ಒಗ್ಗುತ್ತೋ ಅದನ್ನ ನೋಡ್ಬೇಕು" ಅಂದರು. ಗಾಜಿನ ಕಡ್ಡಿಯಲ್ಲಿ ಒಂದೊಂದು ಚುಕ್ಕಿ ತೆಗೆದು ಅವಳ ಮುಂಗೈ ಮೇಲೆ ಇಟ್ಟರು. ಉಜ್ಜಬೇಡಿ ಅಂದರು. ಈಗಲೇ ಮೂಸಬೇಡಿ, ಬಸ್‌ಸ್ಟ್ಯಾಂಡಿನ ತನಕ ಹೋಗಿ ಬನ್ನಿ ಅಂದರು. ಹೋಗಿ ಬಂದಳು. ಗುಲಾಬಿ ಹುಳಿ ಹುಳಿ ಆಗಿತ್ತು. ಕೇದಗೆ ತಲೆ ಸುತ್ತು ಬರಿಸಿತು. ಒಂದು ಮಾತ್ರ ಹಾಗೇ ತಣ್ಣಗೆ, ನೆನೆದ ಬೇರಿನ ಥರ, ಅವಳ ಚರ್ಮದ ಮೇಲೆ ಚರ್ಮದ್ದೇ ಅನ್ನುವಂತೆ ಕೂತಿತ್ತು. ಅದು ಲಾವಂಚ. ಸಾಬರು ಅದನ್ನ ಖಸ್ ಅಂದರು.

"ಇದನ್ನ ಹೊರಡೋಕೆ ಎರಡು ಗಂಟೆ ಮುಂಚೆ ಹಚ್ಚಿ" ಅಂತ ಹೇಳಿಕೊಟ್ಟರು. "ಹಚ್ಚಿದ ಗಳಿಗೆ ಬರೋದು ಸೀಸೆ ವಾಸ್ನೆ, ಎರಡು ಗಂಟೆ ಆದ್ಮೇಲೆ ಬರೋದು ನಿಮ್ಮದು. ಮಣಿಕಟ್ಟಿಗೆ ಒಂದು ಚುಕ್ಕಿ, ಕಿವಿ ಹಿಂದೆ ಒಂದು ಚುಕ್ಕಿ, ಬಸ್, ಅಷ್ಟೇ! ಬಿಸಿಲು ತೋರಿಸ್ಬೇಡಿ, ಬೆಳಕು ತೋರಿಸ್ಬೇಡಿ, ಬಿರಡೆ ಸಡಿಲ ಬಿಡ್ಬೇಡಿ."

ಬಿಸಿಲು ತೋರಿಸಬೇಡಿ ಅಂದರೆ ಹೆಂಗೆ? ಶೀಟಿನ ಮನೆ. ಏಪ್ರಿಲ್‌ನಲ್ಲಿ ಒಳಗೆ ನಿಂತರೆ ತಲೆ ಕಾಯುತ್ತದೆ. ಮೊದಲು ರಾಗಿ ಡಬ್ಬದ ಒಳಗೆ ಹೂತಿಟ್ಟಳು. ನಾಲ್ಕು ದಿನಕ್ಕೆ ಕೆಂಪಯ್ಯ ಮುದ್ದೆ ಮುರಿದವನೇ ಮೂಗು ಸೊಟ್ಟಗೆ ಮಾಡಿ, "ಏನೇ ಇದು, ಮುದ್ದೆಗೆ ಬೀಗರ ಮನೆಗೆ ಹೋಗೋ ಕೆಲಸ ಇತ್ತಾ?" ಅಂದ. ಅಲ್ಲಿಂದ ತೆಗೆದು, ಕುಡಿಯುವ ನೀರಿನ ಗಡಿಗೆ ಕೂರಿಸಿದ ಒದ್ದೆ ಮರಳಿನ ಪಕ್ಕ, ಹಳೇ ಕಂಬಳಿಯ ಚೂರಲ್ಲಿ ಸುತ್ತಿ ಇಟ್ಟಳು. ಅದೇ ಸರಿಯಾದ ಜಾಗ ಆಯಿತು. ಕುರಿ ವಾಸನೆ ಅಡಗಿಸೋಕೆ ತಂದ ಅತ್ತರನ್ನು ಕುರಿ ಉಣ್ಣೆಯೇ ಕಾಯುತ್ತಿತ್ತು, ನೋಡಿ. ಅಂದಿನಿಂದ ಹದಿನೈದು ವರ್ಷ ಆಂಜಿನಮ್ಮ ಲಾವಂಚ ಬಿಟ್ಟು ಬೇರೆ ಹಚ್ಚಿಲ್ಲ. ವರ್ಷಕ್ಕೊಂದು ಪುಟ್ಟ ಸೀಸೆ. ಊರು ಬಿಟ್ಟು ಹೊರಗೆ ಹೊರಟರೆ ಮಾತ್ರ. ಹಚ್ಚಿದರೂ ಹೆದರಿಕೆ ಹೋಗಲಿಲ್ಲ, ಮೂಗು ನೋಡುವ ಚಾಳಿಯೂ ಹೋಗಲಿಲ್ಲ.

ಮಗಳು ಓದಿ, ಸಿರಾದಲ್ಲಿ ಬಟ್ಟೆ ಅಂಗಡಿ ಕೌಂಟರಿನಲ್ಲಿ ಕೂತಳು. ಅವಳದು ಅತ್ತರ್ ಅಲ್ಲ, ಸ್ಪ್ರೇ. ಬ್ಯಾಗಿನಲ್ಲಿ ಒಂದು ಡಬ್ಬ, ಬೀರುವಿನಲ್ಲಿ ಇನ್ನೊಂದು. ಬೆಳಿಗ್ಗೆ ಮನೆಯಿಂದ ಹೊರಡುವಾಗ ಬುಸ್ ಬುಸ್ ಅಂತ ಹೊಡೆದುಕೊಂಡರೆ ರೊಪ್ಪದ ಕುರಿಗಳೂ ಸೀನುತ್ತಿದ್ದವು. ತಾಯಿಯ ದಿಗಿಲು ಮಗಳಿಗೂ ಅಂಟಿದೆ ಅಂತ ಆಂಜಿನಮ್ಮನಿಗೆ ಗೊತ್ತಿತ್ತು. ಏನು ಹೇಳುತ್ತಾಳೆ ಪಾಪ.

ಮಧುಗಿರಿಯ ಅಂಜನ್ ಕುಮಾರ್ ಜೊತೆ ಮದುವೆ ಆಯಿತು. ಹುಡುಗ ಬ್ಯಾಂಕಿನಲ್ಲಿ ಗುಮಾಸ್ತ, ಒಳ್ಳೆಯವನು. ಅವನ ತಾಯಿ ಶಿವರುದ್ರಮ್ಮ ಮಾತ್ರ ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುವ ಹೆಂಗಸು. ಸಂಬಂಧ ನೋಡಲು ಬಂದಾಗಲೇ ಜಗಲಿ ಮೇಲೆ ಕೂತು ಸೆರಗನ್ನು ಮೂಗಿಗೆ ಹಿಡಿದವರು, ಕಾಫಿ ಕುಡಿಯುವಾಗ ಒಂದು ಸಲ ಇಳಿಸಿದರು ಅಷ್ಟೇ. ಮಗಳಿಗೆ ದಿನ ತುಂಬುತ್ತಾ ಬಂದಾಗ ಆಂಜಿನಮ್ಮ ಬಾಣಂತನದ ಮಾತು ಎತ್ತಿದಳು. ಮೊದಲ ಬಾಣಂತನ ತವರಿಂದು, ಅದನ್ನು ಕೇಳೋದೇ ಬೇಡ. ಆದರೂ ಶಿವರುದ್ರಮ್ಮ, "ಕುರಿ ರೊಪ್ಪದ ಪಕ್ಕದಲ್ಲಿ ಹಸುಗೂಸನ್ನ ಮಲಗಿಸೋದಾ? ನಂಗೆ ಮನಸ್ಸು ಒಪ್ತಾ ಇಲ್ಲ ಬೀಗ್ರೇ. ಹೆರಿಗೆ ಆಗ್ಲಿ, ಆಸ್ಪತ್ರೆಗೆ ಬನ್ನಿ, ಅಲ್ಲೇ ಮಾತಾಡೋಣ" ಅಂದುಬಿಟ್ಟರು.

ಆವತ್ತಿನಿಂದ ಆಂಜಿನಮ್ಮನಿಗೆ ಅನ್ನ ಸೇರಲಿಲ್ಲ. ಹಾಗಂತ ಕೈ ಕಟ್ಟಿ ಕೂರಲೂ ಇಲ್ಲ. ಬಾಣಂತಿ ಕೋಣೆಗೆ ಸುಣ್ಣ ಬಳಿಸಿದಳು. ರೊಪ್ಪವನ್ನು ಹತ್ತು ಮಾರು ಆಚೆಗೆ ಸರಿಸಲು ಕೆಂಪಯ್ಯನ ತಲೆ ತಿಂದು ಸರಿಸಿಯೇಬಿಟ್ಟಳು. ಸಾಂಬ್ರಾಣಿ, ಬಜೆ, ಮೆಣಸು, ಬೆಲ್ಲ, ಹಳೇ ಸೀರೆಯ ಮೆತ್ತನೆ ಬಟ್ಟೆ, ಎಲ್ಲಾ ಜೋಡಿಸಿದಳು. ಎಲ್ಲ ಆದಮೇಲೂ ಒಂದೇ ಯೋಚನೆ: ಆ ಬೀಗಿತ್ತಿಯ ಮೂಗಿಗೆ ನಾನು ಒಪ್ಪಿಗೆ ಆಗುತ್ತೀನೋ ಇಲ್ಲವೋ? ಇಲ್ಲ ಅಂದರೆ ಮಗಳೂ ಇಲ್ಲ, ಮೊಮ್ಮಗುವೂ ಇಲ್ಲ.

ಸೋಮವಾರ ಮಧುಗಿರಿಯ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಗಿ ಗಂಡು ಮಗು ಹುಟ್ಟಿತು. ಮಂಗಳವಾರ ಸಂಜೆ ಜ್ಯೋತಿ ಫೋನ್ ಮಾಡಿ ಪಿಸುದನಿಯಲ್ಲಿ, "ಅಮ್ಮಾ, ನಾಳೆ ಹನ್ನೊಂದಕ್ಕೆಲ್ಲ ಬಂದ್ಬುಡು. ಅತ್ತೆ ತವರಿನವರೂ ನೋಡೋಕೆ ಬರ್ತಾರೆ. ಬರೋವಾಗ... ಆ ಅತ್ತರ್ ಹಚ್ಕೊಂಡು ಬಾ" ಅಂದಳು. ಮಗಳ ಬಾಯಲ್ಲಿ ಆ ಮಾತು ಬಂದಿದ್ದು ಅದೇ ಮೊದಲು. ಆಂಜಿನಮ್ಮ "ಹೂಂ ಕಣಮ್ಮ" ಅಂದು ಫೋನ್ ಇಟ್ಟು, ಸುಮಾರು ಹೊತ್ತು ಗಡಿಗೆ ಪಕ್ಕ ಕೂತಿದ್ದಳು.

ಬುಧವಾರ ಆರು ಗಂಟೆಗೇ ಸ್ನಾನ ಆಯಿತು. ಎಂಟರ ಬಸ್ಸು, ಹಂಗಾಗಿ ಆರಕ್ಕೇ ಹಚ್ಚಬೇಕು. ಕಂಬಳಿ ಚೂರು ಬಿಚ್ಚಿ, ಬಿರಡೆ ತೆಗೆದು, ಎರಡೂ ಮಣಿಕಟ್ಟಿಗೆ ಒಂದೊಂದು ಚುಕ್ಕಿ ಇಟ್ಟಳು. ಧೈರ್ಯ ಸಾಲಲಿಲ್ಲ, ಇನ್ನೊಂದೊಂದು ಇಟ್ಟಳು. ಕಿವಿ ಹಿಂದೆ. ಸೆರಗಿನ ತುದಿಗೂ ಒಂದಿಷ್ಟು ಸವರಿದಳು. ಹಸಿರು ಬಣ್ಣದ ಹೊಸ ಸೀರೆ ಅದು. ಅಷ್ಟು ಹೊತ್ತಿಗೆ ರೊಪ್ಪದಿಂದ ಕೆಂಪಯ್ಯ ಕೂಗಿದ.

"ಲೇ, ಬಾರೆ ಬಿರ್‍ರನೆ! ಬೆಳ್ಳಿ ಈಯ್ತಾ ಐತೆ, ಮರಿ ಅಡ್ಡ ಸಿಗಾಕ್ಕೊಂಡೈತೆ!"

ಬೆಳ್ಳಿ ಅಂದರೆ ಹಣೆಯಲ್ಲಿ ಬಿಳಿ ಬೊಟ್ಟಿನ ಕುರಿ. ಅದಕ್ಕೆ ಚೊಚ್ಚಲು. ಆಂಜಿನಮ್ಮ ಬಾಗಿಲಲ್ಲೇ ನಿಂತು, "ನಾನು ಸೀರೆ ಉಟ್ಟೀನಿ, ನೀನೇ ನೋಡು" ಅಂದಳು.

"ನನ್ನ ಕೈ ದಪ್ಪ, ಒಳಕ್ಕೆ ಹೋಗಾಕಿಲ್ಲ ಅಂತ ನಿಂಗೆ ಗೊತ್ತಿಲ್ವಾ? ತಾಯೂ ಸಾಯ್ತದೆ ಮರೀನೂ ಸಾಯ್ತದೆ, ಆಮೇಲೆ ಅತ್ತರ್ ಹಾಕ್ಕೊಂಡು ಅಳ್ತಿಯಂತೆ ಬಾ."

ಕೆಂಪಯ್ಯ ಹೇಳಿದ್ದು ನಿಜ. ಆ ಮನೆಯಲ್ಲಿ ಸಿಕ್ಕಿಕೊಂಡ ಮರಿ ಎಳೆಯುವ ಕೈ ಅವಳದೇ, ಸಣ್ಣ ಕೈ, ಬೆರಳಿಗೆ ಕಣ್ಣಿದ್ದ ಹಾಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿದಳು. ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಕೈ ಒಳಗೆ ಹಾಕಿ, ನಿಧಾನಕ್ಕೆ ಕಾಲು ಹುಡುಕಿ, ನೇರ ಮಾಡಿ, ಬೆಳ್ಳಿ ತಿಣುಕಿದಾಗ ತಾನೂ ಎಳೆದಳು. ಮರಿ ಜಾರಿ ಹೊರಗೆ ಬಂತು. ಉಸಿರು ಕಾಣಲಿಲ್ಲ. ಗಾಬರಿಯಾಗಿ ಸೆರಗಿನಲ್ಲೇ ಅದರ ಮೂತಿ ಒರೆಸಿದಳು, ಮೈ ತಿಕ್ಕಿದಳು, ಎದೆಗೆ ಅವಚಿಕೊಂಡು ಮೂಗಿಗೆ ಊದಿದಳು. ಮರಿ ಸೀನಿತು. ಬದುಕಿತು ಅಂದುಕೊಂಡು ತಾಯಿಯ ಮುಂದೆ ಮಲಗಿಸಿದಳು.

ಬೆಳ್ಳಿ ತಿರುಗಿ ಮೂಸಿತು. ಇನ್ನೊಂದು ಸಲ ಮೂಸಿತು. ಆಮೇಲೆ ತಲೆ ತಗ್ಗಿಸಿ ಮರಿಯನ್ನು ಢೀ ಅಂತ ಗುಮ್ಮಿತು.

ಇಬ್ಬರೂ ಬೆಚ್ಚಿದರು. ಮರಿಯನ್ನು ಎತ್ತಿ ಮತ್ತೆ ಇಟ್ಟರು. ಮತ್ತೆ ಗುಮ್ಮಿತು. ಕೆಚ್ಚಲಿಗೆ ಹಿಡಿದರೆ ಒದೆಯಿತು. ಕೆಂಪಯ್ಯ, "ಚೊಚ್ಚಲು, ಬುದ್ಧಿ ಇಲ್ಲ ಮುಂಡೇದಕ್ಕೆ" ಅಂತ ಬೈದ. ಆಂಜಿನಮ್ಮ ಬಗ್ಗಿದಳು. ಮರಿಯ ಹಣೆ ಮೂಸಿ ನೋಡಿದಳು. ಹುಟ್ಟಿ ಹತ್ತು ನಿಮಿಷ ಆಗದ ಮರಿ ಲಾವಂಚ, ಲಾವಂಚ ಅಂತ ಘಮಗುಡುತ್ತಿತ್ತು. ಕುರಿಗೆ ತನ್ನ ಮರಿ ಗುರುತಾಗೋದು ವಾಸನೆಯಿಂದಲೇ ಅಂತ ಅವಳಿಗೆ ಹುಟ್ಟಿದಾಗಿಂದ ಗೊತ್ತು. ಊರ ಮಕ್ಕಳು ಹಸಿ ಮರಿ ಮುಟ್ಟಲು ಬಂದರೆ ಕೋಲು ತಗೊಳ್ಳುವವಳೇ ಅವಳು. ಅಂಥವಳು ಇವತ್ತು ತಾನೇ ಹೋಗಿ, ಕಣ್ಣು ಬಿಡುವ ಮುಂಚೆ ಮರಿಯನ್ನು ತಾಯಿಯಿಂದ ಕಿತ್ತಿದ್ದಳು.

"ನನ್ನ ಕೈಗೆ ಬೆಂಕಿ ಹಾಕ" ಅಂತ ತನಗೆ ತಾನೇ ಶಾಪ ಹಾಕಿಕೊಂಡು ಎದ್ದಳು. ಗಿಣ್ಣುಹಾಲು ಹೊಟ್ಟೆಗೆ ಬೀಳದಿದ್ದರೆ ಮರಿ ಮಧ್ಯಾಹ್ನದೊಳಗೆ ಹೋಗುತ್ತದೆ. ಹೊಸ ಸೀರೆ ಬಿಚ್ಚಿ ಎಸೆದು, ತಂತಿ ಮೇಲೆ ಒಣಗುತ್ತಿದ್ದ ದಿನದ ಸೀರೆ ಸುತ್ತಿಕೊಂಡಳು. ಮಣಿಕಟ್ಟಿಗೆ ಒಲೆ ಬೂದಿ ಹಾಕಿ ಉಜ್ಜಿದಳು. ಹೋಗಲಿಲ್ಲ, ಎಣ್ಣೆ ಅಲ್ಲವೇ ಅದು. ಸೀಗೆಪುಡಿ ಹಾಕಿ ಉಜ್ಜಿದಳು. ಆಮೇಲೆ ಹಿಕ್ಕೆಯನ್ನೇ ಕಲಸಿ, ಮಣಿಕಟ್ಟು, ಕಿವಿ ಹಿಂದೆ, ಚರ್ಮ ಕೆಂಪಾಗುವ ತನಕ ತಿಕ್ಕಿ ತೊಳೆದಳು. ಮರಿಯನ್ನು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬೆಳ್ಳಿ ಈದ ಜಾಗದ ಒದ್ದೆ ಹುಲ್ಲನ್ನು ಅದರ ಮೈಗೆಲ್ಲ ಹೊಸಕಿದಳು. ಬೆಳ್ಳಿಯದೇ ಹಾಲು ಹಿಂಡಿ ಮರಿಯ ನೆತ್ತಿಗೂ ಬಾಲದ ಬುಡಕ್ಕೂ ಸವರಿದಳು, ಮೇಲೆ ಚಿಟಿಕೆ ಉಪ್ಪು. ಕೆಂಪಯ್ಯ ತಾಯಿಯ ತಲೆ ಹಿಡಿದುಕೊಂಡ.

ಬೆಳ್ಳಿ ಮೂಸಿತು, ತಲೆ ಕೊಡವಿತು. ಸುಮ್ಮನಾಯಿತು. ಎಂಟರ ಬಸ್ಸು ಹಾರ್ನ್ ಹೊಡೆದು ಹೋಗಿದ್ದು ಇಬ್ಬರಿಗೂ ಕೇಳಿಸಿತು. ಒಂಬತ್ತಾದ ಮೇಲೆ ಬೆಳ್ಳಿ ಉಪ್ಪಿನ ಆಸೆಗೆ ಒಂದು ಸಲ ನೆಕ್ಕಿತು, ಇನ್ನೊಂದು ಸಲ ನೆಕ್ಕಿತು, ಆಮೇಲೆ ಗಂಟಲೊಳಗೇ ಗುರುಗುಡುತ್ತಾ ಮರಿಯನ್ನು ಬಿಡದೆ ನೆಕ್ಕತೊಡಗಿತು. ಮರಿ ತಡವರಿಸಿಕೊಂಡು ಕೆಚ್ಚಲಿಗೆ ಬಾಯಿ ಹಾಕಿ ಬಾಲ ಅಲ್ಲಾಡಿಸಿತು. ಆಂಜಿನಮ್ಮ ಅಲ್ಲೇ ಹಿಕ್ಕೆ ಮೇಲೆ ಕುಸಿದು ಕೂತು ಅತ್ತಳು.

"ಮರಿ ಬದುಕ್ತಲ್ಲ, ಇನ್ಯಾಕೆ ಅಳ್ತೀಯೆ?" ಅಂದ ಕೆಂಪಯ್ಯ.

"ಇಂಗೆ ಹೆಂಗೆ ಹೋಗ್ಲಿ ನಾನು ಅವರ ಮುಂದಕ್ಕೆ?"

ಇನ್ನೊಂದು ಸಲ ಸ್ನಾನ ಮಾಡಿದಳು. ಇದ್ದ ಇನ್ನೊಂದು ಸೀರೆ ಉಟ್ಟಳು. ಅತ್ತರ್ ಸೀಸೆಯನ್ನು ಎಲೆಯಡಿಕೆ ಚೀಲಕ್ಕೆ ಹಾಕಿ, ಆಸ್ಪತ್ರೆ ಹತ್ತಿರ ಹೋದ ಮೇಲೆ ಹಚ್ಚಿದರಾಯಿತು, ಎರಡು ಗಂಟೆ ಇಲ್ಲದಿದ್ದರೂ ಹಾಳಾಗಿ ಹೋಗಲಿ ಅಂದುಕೊಂಡು ಹತ್ತೂವರೆ ಬಸ್ ಹತ್ತಿದಳು. ಸಿರಾದಲ್ಲಿ ಬಸ್ ಬದಲಾಯಿಸಿದಳು. ಬಡವನಹಳ್ಳಿ ದಾಟುವಾಗ ಪಕ್ಕ ಕೂತಿದ್ದ ಹುಡುಗಿ ದುಪಟ್ಟಾ ಎತ್ತಿ ಮೂಗಿಗೆ ಹಿಡಿಯಿತು. ದೂಳಿಗೋ ಏನೋ. ಆಂಜಿನಮ್ಮ ಕಿಟಕಿ ಕಡೆ ಮುದುಡಿ ಕೂತು, ಶಿವರುದ್ರಮ್ಮನಿಗೆ ಏನು ಹೇಳಬೇಕು ಅಂತ ಮಾತು ಜೋಡಿಸುತ್ತಾ ಹೋದಳು. ಯಾವ ಮಾತೂ ನಿಲ್ಲಲಿಲ್ಲ.

ನರ್ಸಿಂಗ್ ಹೋಮ್ ಮೆಟ್ಟಿಲ ಕೆಳಗೆ ಕೈ ತೊಳೆಯುವ ಜಾಗ ಇತ್ತು. ಅಲ್ಲಿ ನಿಂತು ಸೀಸೆ ತೆಗೆದಳು. ಬಿರಡೆ ತಿರುವಿದಳು. ಆ ತಣ್ಣನೆ ವಾಸನೆ ಮೂಗಿಗೆ ಬಡಿದಾಗ ಬೆಳ್ಳಿ ತಲೆ ತಗ್ಗಿಸಿ ಗುಮ್ಮಿದ್ದು ಕಣ್ಣಿಗೆ ಕಟ್ಟಿತು. ಮೇಲೆ ಇರುವುದು ಎರಡು ದಿನದ ಕೂಸು. ಎತ್ತಿಕೊಂಡರೆ ಈ ವಾಸನೆ ಅದಕ್ಕೆ ಮೆತ್ತಿಕೊಳ್ಳುತ್ತದೆ. ಮನುಷ್ಯರು ಕುರಿ ಅಲ್ಲ, ನಿಜ. ಆದರೂ ಸೀಸೆಯನ್ನು ಮೈಯಿಂದ ದೂರ ಹಿಡಿದಳು. ಹಚ್ಚಿಕೊಂಡರೆ ಬೀಗಿತ್ತಿಗೆ ಸಮಾಧಾನ, ಮಗಳಿಗೆ ಮರ್ಯಾದೆ, ಬಾಣಂತನ ಸಿಕ್ಕರೂ ಸಿಗಬಹುದು. ಹಚ್ಚದಿದ್ದರೆ ಎಲ್ಲಾ ಹೋಯಿತು. ಕೊನೆಗೆ ಬಿರಡೆ ಬಿಗಿಯಾಗಿ ತಿರುಗಿಸಿ, ಸೀಸೆಯನ್ನು ಚೀಲದ ತಳಕ್ಕೆ ತುರುಕಿ, ದೇವರೇ ಅಂದುಕೊಂಡು ಅತ್ತರಿಲ್ಲದ ಬರೀ ಮೈಯಲ್ಲೇ ಮೆಟ್ಟಿಲು ಹತ್ತಿದಳು.

ಮೇಲಿನ ರೂಮಿನ ಕಿಟಕಿ ತುಂಬಾ ಬೆಟ್ಟ. ನೆಂಟರು ಬಂದು ಹೋಗಿದ್ದರು. ಮಂಚದ ಮೇಲೆ ಜ್ಯೋತಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಮಗು ಕಿರುಚುತ್ತಿತ್ತು. ಶಿವರುದ್ರಮ್ಮ ಬಾಗಿಲ ಕಡೆ ತಿರುಗಿದವರೇ ಸೆರಗನ್ನು ಮೂಗಿಗೆ ಹಿಡಿದರು.

"ಹನ್ನೊಂದಕ್ಕೆ ಬನ್ನಿ ಅಂದ್ರೆ ಒಂದಕ್ಕೆ ಬಂದ್ರಾ ಬೀಗ್ರೇ? ಅದೂ ಇಂಗೆ?"

ಆಂಜಿನಮ್ಮ ಬಾಗಿಲಲ್ಲೇ ನಿಂತಳು. ಮಗಳ ಮುಖ ನೋಡಿದಳು. ಜ್ಯೋತಿ ಕಣ್ಣು ತಪ್ಪಿಸಿದಳು. ಐದನೇ ಕ್ಲಾಸಿನ ಬಾಗಿಲ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ ನಿಂತ ಹಾಗೇ ಆಯಿತು ಅವಳಿಗೆ. ತಿರುಗಿ ಹೋಗಿಬಿಡಲೇ ಅನ್ನಿಸಿತು. ಆದರೆ ಮಗು ಅಳುತ್ತಿತ್ತಲ್ಲ.

"ಯಾಕಂಗೆ ಅಳ್ತಾ ಐತೆ ಕೂಸು?"

"ಬೆಳಿಗ್ಗೆಯಿಂದ ಬಾಯೇ ಹಾಕ್ತಿಲ್ಲ ಕಣ್ರೀ" ಅಂದರು ಶಿವರುದ್ರಮ್ಮ. ಆ ಗಟ್ಟಿ ಹೆಂಗಸಿನ ದನಿಯಲ್ಲೂ ಹೆದರಿಕೆ ಇತ್ತು. "ನಿನ್ನೆಯೆಲ್ಲಾ ಚೆನ್ನಾಗೇ ಕುಡೀತು. ಇವತ್ತು ಹತ್ರ ಹಿಡಿದ್ರೆ ಮುಖ ತಿರುಗಿಸ್ತದೆ. ನರ್ಸಮ್ಮ ಎರಡು ಸಲ ಬಂದು ನೋಡಿದ್ರು. ಇನ್ನೊಂದು ಸಲ ನೋಡಿ, ಆಗ್ಲಿಲ್ಲ ಅಂದ್ರೆ ಡಾಕ್ಟ್ರಿಗೆ ಹೇಳಿ ಪುಡಿ ಹಾಲು ಕೊಡೋಣ ಅಂದವ್ರೆ."

"ನನ್ನನ್ನ ಕಂಡ್ರೆ ಆಗ್ತಿಲ್ಲಮ್ಮ ಅದಕ್ಕೆ" ಅಂತ ಜ್ಯೋತಿ ಬಿಕ್ಕಿದಳು.

ಆಂಜಿನಮ್ಮ ಮಂಚದ ಹತ್ತಿರ ಹೋದಳು. ಬಗ್ಗಿದಳು. ಮಗಳ ಎದೆಯಿಂದ ಘಾಟು ಅಂದರೆ ಘಾಟು ಸ್ಪ್ರೇ ಬಂತು, ಮೇಲೆ ಪೌಡರ್. ದಿಂಬಿನ ಪಕ್ಕದಲ್ಲೇ ಡಬ್ಬ. ಬೆಳಿಗ್ಗೆ ರೊಪ್ಪದಲ್ಲಿ ಮರಿಯ ಹಣೆ ಮೂಸಿದಾಗ ಎದೆ ಹೇಗೆ ಹೊಡೆದುಕೊಂಡಿತ್ತೋ ಈಗಲೂ ಹಾಗೇ ಹೊಡೆದುಕೊಂಡಿತು. ಹೇಳಲೋ ಬೇಡವೋ? ತಪ್ಪಾದರೆ? ಕುರಿಯವಳು ಆಸ್ಪತ್ರೆಯಲ್ಲೂ ಕುರಿ ಬುದ್ಧಿ ತೋರಿಸಿದಳು ಅನ್ನುವುದಿಲ್ಲವೇ ಈ ಯಮ್ಮ?

"ಜ್ಯೋತೀ, ಇದನ್ನ ಯಾವಾಗ ಹೊಡ್ಕೊಂಡೆ?"

"ಬೆಳಿಗ್ಗೆ. ನೆಂಟರು ಬರ್ತಾರೆ ಅಂತ."

"ನಿನ್ನೆ?"

"ಇಲ್ಲ. ನಿನ್ನೆ ಏಳೋಕೇ ಆಗ್ತಿರ್ಲಿಲ್ಲ."

ಆಂಜಿನಮ್ಮ ಬೀಗಿತ್ತಿ ಕಡೆ ತಿರುಗಿದಳು. ಜೀವಮಾನದಲ್ಲಿ ಮೊದಲ ಸಲ ಎದುರಿನವರ ಮೂಗು ಬಿಟ್ಟು ಕಣ್ಣು ನೋಡಿ ಮಾತಾಡಿದಳು. "ಬೀಗ್ರೇ, ಒಂದು ಪಾತ್ರೆ ಬೆಚ್ಚನೆ ನೀರು ತರ್ಸಿ. ಒಗೆದ ನೈಟಿ ಇದ್ರೆ ಕೊಡಿ. ನನ್ನ ಮಾತು ತಪ್ಪಾದ್ರೆ ಆಮೇಲೆ ಏನಾದ್ರೂ ಅನ್ನಿ. ಒಂದರ್ಧ ಗಂಟೆ ನನ್ನ ಕೈಗೆ ಬುಡಿ."

ಶಿವರುದ್ರಮ್ಮ ಒಗೆದ ನೈಟಿ ತೆಗೆದಿಟ್ಟರು. ನೀರು ತಂದರು. ಹೊಲಿಗೆಗೆ ತಾಗದ ಹಾಗೆ ಆಂಜಿನಮ್ಮ ಮಗಳ ಕುತ್ತಿಗೆ, ಎದೆ, ಕಂಕುಳು ಎಲ್ಲ ಬಟ್ಟೆ ಅದ್ದಿ ಅದ್ದಿ ಒರೆಸಿದಳು. ಸೋಪು ಹಾಕಲಿಲ್ಲ. ನೀರು ಬದಲಿಸಿ ಇನ್ನೊಂದು ಸಲ ಒರೆಸಿದಳು. ನೈಟಿ ಬದಲಿಸಿ, ಸ್ಪ್ರೇ ಡಬ್ಬವನ್ನು ಕಿಟಕಿ ಆಚೆ ಸಜ್ಜದ ಮೇಲೆ ಇಟ್ಟಳು. ಎರಡು ಹನಿ ಹಾಲು ಹಿಂಡಿ ಅಲ್ಲೇ ಸವರಿ, ಮಗುವಿನ ಬಟ್ಟೆ ಬಿಚ್ಚಿ ತಾಯಿಯ ಬರೀ ಮೈ ಮೇಲೆ ಮಲಗಿಸಿದಳು.

"ಬಲವಂತ ಮಾಡ್ಬೇಡ. ಅದೇ ಹುಡುಕಲಿ" ಅಂದಳು.

ಮಗು ಅತ್ತಿತು. ಸೀನಿತು. ಸುಮ್ಮನಾಯಿತು. ಮೂವರೂ ನೋಡುತ್ತಿದ್ದರು. ಹತ್ತು ನಿಮಿಷ ಕಳೆಯಿತು, ಹದಿನೈದು ಆಯಿತು, ಏನೂ ಇಲ್ಲ. ಅಷ್ಟರಲ್ಲಿ ಆ ಪುಟ್ಟ ತಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿತು, ಮೂಗು ಚರ್ಮಕ್ಕೆ ಒತ್ತಿಕೊಂಡು ಒಂದಿಷ್ಟು ದೂರ ತೆವಳಿತು, ಬಾಯಿ ತೆರೆದು ಗಬಕ್ಕನೆ ಹಿಡಿಯಿತು. ಗುಟುಕು ಗುಟುಕಾಗಿ ಕುಡಿಯುವ ಸದ್ದು ರೂಮಿಗೆಲ್ಲಾ ಕೇಳಿಸಿತು. ಜ್ಯೋತಿ ನಗುತ್ತಾ ಅಳುತ್ತಿದ್ದಳು.

ಶಿವರುದ್ರಮ್ಮ ಕುರ್ಚಿಗೆ ಒರಗಿ ಉಸ್ಸಪ್ಪಾ ಅಂದರು. "ನಿಮಗೆ ಹೆಂಗೆ ಗೊತ್ತಾಯ್ತು ಬೀಗ್ರೇ?" ಅಂತ ಕೇಳಿದರು.

ಏನಾದರೂ ಬೇರೆ ಹೇಳಬಹುದಿತ್ತು. ನಮ್ಮಜ್ಜಿ ಹೇಳುತ್ತಿದ್ದರು ಅನ್ನಬಹುದಿತ್ತು. ಆಂಜಿನಮ್ಮ ಸೆರಗು ಹೊದ್ದುಕೊಂಡು, "ಕುರಿಯಿಂದ" ಅಂದಳು. ಬೆಳ್ಳಿ ಈದದ್ದು, ಅತ್ತರ್ ಕೈಯಲ್ಲಿ ಮರಿ ಮುಟ್ಟಿದ್ದು, ಹಿಕ್ಕೆ ಹಾಕಿ ಮಣಿಕಟ್ಟು ಉಜ್ಜಿದ್ದು, ಬಸ್ ತಪ್ಪಿದ್ದು, ಮೆಟ್ಟಿಲ ಕೆಳಗೆ ಸೀಸೆ ತೆಗೆದು ಮತ್ತೆ ಮುಚ್ಚಿದ್ದು, ಎಲ್ಲಾ ಹೇಳಿದಳು. ಮಣಿಕಟ್ಟಿನ ಕೆಂಪು ಇನ್ನೂ ಹೋಗಿರಲಿಲ್ಲ. ಜ್ಯೋತಿ ಅದನ್ನೇ ನೋಡುತ್ತಿದ್ದಳು.

"ಮರಿ ಬದುಕ್ತಾ?" ಅಂದರು ಶಿವರುದ್ರಮ್ಮ.

"ಬದುಕ್ತು."

ಶಿವರುದ್ರಮ್ಮ ತಲೆ ಆಡಿಸಿದರು. "ಶುಕ್ರವಾರ ಡಿಸ್ಚಾರ್ಜ್ ಅಂದವ್ರೆ. ಅಂಜನ್‌ಗೆ ಹೇಳ್ತೀನಿ, ಕಾರು ಸೀದಾ ನಿಮ್ಮೂರಿಗೇ ಬರ್ಲಿ. ಮೂರು ತಿಂಗಳು ಇಟ್ಕೊಳ್ಳಿ" ಅಂದರು. ಅಂದರು ನಿಜ, ಮೂಗಿನ ಮೇಲಿದ್ದ ಸೆರಗನ್ನು ಮಾತ್ರ ಇಳಿಸಲಿಲ್ಲ. ಇಳಿಸದಿದ್ದರೆ ಇಲ್ಲ ಬಿಡಿ.

ಮಗು ಕುಡಿದು ಸಾಕಾಗಿ ಬಾಯಿ ಬಿಟ್ಟಿತು. ತೇಗಿಸಬೇಕಿತ್ತು. ಜ್ಯೋತಿ ಯಾರ ಮುಖವನ್ನೂ ನೋಡದೆ ಅದನ್ನು ತಾಯಿಯ ಕೈಗೆ ಎತ್ತಿ ಕೊಟ್ಟಳು. ಆಂಜಿನಮ್ಮ ಹೆಗಲಿಗೆ ಹಾಕಿಕೊಂಡಳು. ಕೂಸು ಅವಳ ಕುತ್ತಿಗೆಯ ಸಂದಿಗೆ ಮೂಗು ತೂರಿಸಿ ಅಲ್ಲೇ ನಿದ್ದೆ ಹೋಯಿತು.

"ಅಮ್ಮಾ" ಅಂದಳು ಜ್ಯೋತಿ. "ನಮ್ಮನೆ ವಾಸ್ನೆ ಬರ್ತಾ ಐತೆ ನಿನ್ ಹತ್ರ."

ಆಂಜಿನಮ್ಮನ ಎದೆ ಹಳೇ ಚಾಳಿಯಂತೆ ಧಸಕ್ ಅಂದಿತು. "ಊರಿಗೆ ಹೋದಮೇಲೆ ಚೆನ್ನಾಗಿ ಸ್ನಾನ ಮಾಡ್ಕೋತೀನಿ ಕಣೆ. ಅತ್ತರ್ ಚೀಲದಲ್ಲೇ ಐತೆ, ಬೇಕಾದ್ರೆ..."

"ಹಚ್ಬೇಡ" ಅಂದಳು ಮಗಳು, ತಾಯಿಯ ಸೆರಗು ಹಿಡಿದುಕೊಂಡು.